ಹೊಟ್ಟೆ ಇಲ್ಲದ ಬಲೆ

ಬೆಳಕು ಹರಿಯುವ ಹೊತ್ತಿಗೆ ಸಂಘದ ಕೊಟ್ಟಿಗೆಯ ಜನರೇಟರ್ ಮೊದಲು ಎರಡು ಸಲ ಕೆಮ್ಮುತ್ತಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು ಧಡಧಡ ಶುರುವಾಗುತ್ತಿತ್ತು. ಆ ಕೊಟ್ಟಿಗೆ ಎರ್ಸಿಲಿಯಾಳ ಅಡುಗೆಮನೆಯ ಗೋಡೆಗೆ ಒತ್ತಿಕೊಂಡೇ ಇದ್ದುದರಿಂದ ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. "ಎದ್ರು ನೋಡು ಬಾವ," ಎಂದು ಅವಳು ಒಲೆಯ ಮೇಲಿನ ಕೆಟಲಿಗೆ ಹೇಳುತ್ತಿದ್ದಳು. ಬೇರೆ ಯಾರಿಗೆ ಹೇಳುವುದು? ಗಂಡ ಎಲಿಸೆಯೊ ಆ ಹೊತ್ತಿಗೆ ದೋಣಿಯಲ್ಲಿರುತ್ತಿದ್ದ.

ಬಾವ ಎಂದರೆ ಎಲಿಸೆಯೊನ ಅಣ್ಣ ಅನ್ಸೆಲ್ಮೊ, ಲಾ ಬೋಯಾದ ಮೀನುಗಾರರ ಸಂಘದ ಅಧ್ಯಕ್ಷ. ಜನರೇಟರಿನ ಬೀಗದಕೈ ಅವನ ಸೊಂಟದಲ್ಲಿ. ಅದರ ಪಕ್ಕ ನಿಂತಿದ್ದ, ಬಟ್ಟೆಯ ಬೀರುವಿನಷ್ಟು ದೊಡ್ಡ ಬಿಳಿ ಯಂತ್ರವೂ ಅವನ ಸುಪರ್ದಿಗೇ. ಗಾಳಿಯನ್ನು ಒಳಗೆಳೆದುಕೊಂಡು, ತಣ್ಣಗೆ ಮಾಡಿ, ಅದರೊಳಗಿನ ತೇವವನ್ನು ನೀರಾಗಿ ಇಳಿಸುವ ಯಂತ್ರ ಅದು. ಪುರಸಭೆಯವರು ಕೊಟ್ಟು, ಪಟ ತೆಗೆಸಿಕೊಂಡು ಹೋಗಿದ್ದರು. ಅನ್ಸೆಲ್ಮೊ ಅದನ್ನು ದಿನಾ ಒರೆಸುತ್ತಿದ್ದ. ಒರೆಸುವಾಗ ಹೆಂಡತಿ ಕೂಗಿದರೂ ಕೇಳುತ್ತಿರಲಿಲ್ಲ.

ಚಿಲಿಯ ಉತ್ತರ ಕರಾವಳಿಯ ಊರುಗಳೆಲ್ಲ ಹಾಗೇ. ಮುಂದೆ ಸಮುದ್ರ, ಹಿಂದೆ ಬೋಳು ಗುಡ್ಡ, ಕುಡಿಯುವ ನೀರು ಮಾತ್ರ ಲಾರಿಯಲ್ಲಿ ಬರಬೇಕು. ಯಂತ್ರ ಬಂದ ಮೇಲೆ ಲಾರಿ ಬರುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಹಾಗಾಗಿ ಯಂತ್ರ ನಿಲ್ಲುವ ಹಾಗಿರಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಅದೇ ಜನರೇಟರು ಸಂಘದ ಮಂಜುಗಡ್ಡೆ ಯಂತ್ರವನ್ನೂ ಓಡಿಸಬೇಕಿತ್ತು, ಎರಡನ್ನೂ ಒಟ್ಟಿಗೆ ಎಳೆಯುವ ತ್ರಾಣ ಅದಕ್ಕಿರಲಿಲ್ಲ. ನೀರಿನ ಯಂತ್ರ ಚೆನ್ನಾಗಿ ನೀರು ಕೊಡುವುದು ಗಾಳಿ ತೇವವಾಗಿರುವ ಬೆಳಗಿನ ಹೊತ್ತು. ದೋಣಿಗಳು ಮೀನು ತುಂಬಿಕೊಂಡು ದಡಕ್ಕೆ ಬರುವುದೂ ಅದೇ ಹೊತ್ತು. ಮಂಜುಗಡ್ಡೆ ಇಲ್ಲದ ಮೀನನ್ನು ಇಟ್ಟುಕೊಳ್ಳುವುದು ಹೇಗೆ? ವ್ಯಾಪಾರಿ ಹೇಳಿದ ದರಕ್ಕೆ ದೋಣಿಯ ಪಕ್ಕದಲ್ಲೇ ಸುರಿದುಬಿಡಬೇಕು. ನೀರು ಬೇಕೋ ಮೀನು ಬೇಕೋ ಎಂದು ಊರು ದಿನಾ ಬೆಳಗ್ಗೆ ತನ್ನನ್ನು ತಾನೇ ಕೇಳಿಕೊಳ್ಳುತ್ತಿತ್ತು. ದಿನಾ ನೀರೇ ಗೆಲ್ಲುತ್ತಿತ್ತು.

ಎರ್ಸಿಲಿಯಾ ಹುಟ್ಟಿದ್ದು ಇದೇ ದಡದಲ್ಲಿ, ಬಲೆಗಳ ರಾಶಿಯ ಪಕ್ಕದ ಮನೆಯಲ್ಲಿ. ಅಕ್ಷರ ತಿದ್ದುವ ಮೊದಲೇ ಅಪ್ಪ ಅವಳ ಕೈಗೆ ಬಲೆ ಹೆಣೆಯುವ ಮರದ ಸೂಜಿ ಕೊಟ್ಟಿದ್ದ. ಅವಳಿಗೆ ಗಂಡುಮಕ್ಕಳಂತೆ ಸಮುದ್ರಕ್ಕೆ ಹೋಗುವ ಆಸೆಯಿತ್ತು, ಯಾರೂ ಕರೆದುಕೊಂಡು ಹೋಗಲಿಲ್ಲ. ಆ ಸಿಟ್ಟನ್ನೆಲ್ಲ ಅವಳು ಗಂಟುಗಳಿಗೆ ಹಾಕಿದಳು. ಹದಿನಾರಕ್ಕೆ ಬರುವ ಹೊತ್ತಿಗೆ ಅವಳು ಹಾಕಿದ ಗಂಟು ಹಲ್ಲಿನಿಂದಲೂ ಬಿಚ್ಚುತ್ತಿರಲಿಲ್ಲ. ಸೀಲ್ ಪ್ರಾಣಿಗಳು ಹರಿದುಹಾಕಿದ ಬಲೆಯನ್ನು ಅವಳ ಮುಂದೆ ಎಸೆದರೆ, ಸಂಜೆಗೆ ಎಲ್ಲಿ ಹರಿದಿತ್ತು ಎಂದು ಹರಿಸಿಕೊಂಡವನೇ ಹುಡುಕಬೇಕಾಗುತ್ತಿತ್ತು. ಎಲಿಸೆಯೊ ಮದುವೆಯ ಮಾತು ತೆಗೆದದ್ದೂ ಹರಿದ ಬಲೆಯ ನೆಪದಲ್ಲಿ. "ಬೇಕಂತಲೇ ಹರ್ಕೊಂಡು ಬರ್ತಿದ್ದ ಕಣೇ, ಕತ್ತರಿ ಗುರುತು ನನಗೆ ಗೊತ್ತಾಗಲ್ವಾ," ಎಂದು ಅವಳು ಈಗಲೂ ನಗುತ್ತಾಳೆ.

ಅಪ್ಪ ಹೇಳಿಕೊಟ್ಟದ್ದರಲ್ಲಿ ಅವಳಿಗೆ ಮುಖ್ಯವಾದದ್ದು ಒಂದೇ. ಬಲೆಗೆ ಹೊಟ್ಟೆ ಇರಬೇಕು. ಹತ್ತು ಮಾರು ಹಗ್ಗಕ್ಕೆ ಹದಿನೈದು ಮಾರು ಬಲೆ ಕಟ್ಟಬೇಕು, ಸಡಿಲವಾಗಿ, ಉಸಿರಾಡುವ ಹಾಗೆ. ಬಿಗಿದ ಬಲೆಗೆ ಮೀನು ಗೋಡೆಗೆ ಬಡಿದಂತೆ ಬಡಿದು ವಾಪಸು ಹೋಗುತ್ತದೆ. ಹೊಟ್ಟೆಯ ಬಲೆಗೆ ಬಂದ ಮೀನು ತಾನಾಗಿ ಸುತ್ತಿಕೊಳ್ಳುತ್ತದೆ. ಆ ಸಡಿಲವನ್ನು ಎಲ್ಲ ಕಡೆ ಸಮನಾಗಿ ಹಂಚುವುದೇ ಕಸುಬು. ಲಾ ಬೋಯಾದಲ್ಲಿ ಅದನ್ನು ಅವಳ ಹಾಗೆ ಮಾಡುವವರು ಯಾರೂ ಇರಲಿಲ್ಲ. ಅವಳಿಗೂ ಅದು ಗೊತ್ತಿತ್ತು.

ಹೀಗಿರುವಾಗ ಯಸ್ನಾ ಬಂದಳು. ಲಾ ಸೆರೆನಾ ನಗರದ ಕಾಲೇಜಿನಲ್ಲಿ ಕಲಿತ ಎಂಜಿನಿಯರ್ ಹುಡುಗಿ. ಗುಡ್ಡದ ನೆತ್ತಿಯ ಮೇಲೆ ಮಂಜು ಹಿಡಿಯುವ ಬಲೆಗಳನ್ನು ಕಟ್ಟಬೇಕೆಂದು ಕಂಬ, ತಂತಿ, ತರಕಾರಿ ತೋಟಕ್ಕೆ ನೆರಳು ಮಾಡುವ ಕಪ್ಪು ಬಲೆಯ ಸುರುಳಿಗಳನ್ನು ತಂದಿದ್ದಳು. ಆ ಕಡೆ ಸಮುದ್ರದಿಂದ ಏಳುವ ಮಂಜಿಗೆ ಕಮಂಚಾಕ ಎನ್ನುತ್ತಾರೆ. ಸಂಜೆ ಬಂದು ಗುಡ್ಡವನ್ನು ಅಪ್ಪಿಕೊಂಡರೆ ಮರುದಿನ ಬಿಸಿಲೇರಿದ ಮೇಲೇ ಬಿಡುವುದು.

ಸಂಘದ ಕಟ್ಟೆಯ ಮೇಲೆ ಎಲ್ಲರೂ ಕುಂಬಳದ ಕರಿದ ರೊಟ್ಟಿ ತಿನ್ನುತ್ತ ಅವಳ ಮಾತು ಕೇಳಿದರು.

"ನಮ್ಮ ಯಂತ್ರಾನೂ ಗಾಳಿ ಕುಡಿದೇ ನೀರು ಕೊಡ್ತಿದೆಯಲ್ಲಮ್ಮ," ಎಂದ ಅನ್ಸೆಲ್ಮೊ. "ಮತ್ತೆ ಗುಡ್ಡಕ್ಕೆ ಯಾಕೆ ಪರದೆ ಕಟ್ಬೇಕು? ಗುಡ್ಡಕ್ಕೇನು ನಾಚಿಕೆನಾ?"

"ಅದು ಗಾಳಿ ಕುಡಿಯಲ್ಲ ದೊಡ್ಡಪ್ಪ, ಡೀಸೆಲ್ ಕುಡಿಯುತ್ತೆ. ಒಂದು ಬಾಟಲಿ ಡೀಸೆಲ್ಲಿಗೆ ಏಳೆಂಟು ಬಾಟಲಿ ನೀರು ಬಂದ್ರೆ ಹೆಚ್ಚು. ಕಣ್ಣಿಗೆ ಕಾಣದ ತೇವಾನ ನೀರು ಮಾಡ್ಬೇಕಂದ್ರೆ ಅದರೊಳಗಿನ ಕಾವನ್ನೆಲ್ಲ ಎಳೆದು ಹೊರಗೆ ಹಾಕ್ಬೇಕು. ಎಣ್ಣೆ ಎಲ್ಲ ಖರ್ಚಾಗೋದು ಆ ಕೆಲಸಕ್ಕೇ. ಕಮಂಚಾಕ ಹಾಗಲ್ಲ. ಅದು ಆಗಲೇ ನೀರಾಗಿಬಿಟ್ಟಿದೆ, ಸಣ್ಣ ಸಣ್ಣ ಹನಿ. ಹಿಡಿದ್ರೆ ಸಾಕು. ಗಾಳಿ ತಾನೇ ತಂದು ಕೊಡುತ್ತೆ, ಇಳಿಜಾರು ತಾನೇ ಕೆಳಗಿಳಿಸುತ್ತೆ. ಒಂದು ಹನಿ ಡೀಸೆಲ್ ಬೇಡ."

ಮೂಲೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ ಎರ್ಸಿಲಿಯಾ ತಲೆ ಎತ್ತದೆ ಹೇಳಿದಳು: "ಅಂದ್ರೆ ಬಾವನ ಯಂತ್ರ ಮೊದಲು ಮೀನು ಹುಟ್ಟಿಸಿ ಆಮೇಲೆ ಹಿಡಿಯುತ್ತೆ. ಬಲೆ, ಈಜ್ತಿರೋ ಮೀನನ್ನೇ ಹಿಡಿಯುತ್ತೆ."

ಕಟ್ಟೆಯೆಲ್ಲ ನಕ್ಕಿತು. ಯಸ್ನಾ ನಗಲಿಲ್ಲ, ಅವಳನ್ನೇ ನೋಡಿದಳು. "ಇಲ್ಲಿ ಬಲೆ ಚೆನ್ನಾಗಿ ಕಟ್ಟೋರು ಯಾರು?" ಎಂದು ಕೇಳಿದಾಗ ಎಲ್ಲ ಕೈಗಳೂ ಒಂದೇ ಕಡೆ ತೋರಿಸಿದವು. ಅನ್ಸೆಲ್ಮೊನ ಕೈಯೂ.

ಮೇ ತಿಂಗಳಲ್ಲಿ ಬಲೆಗಳು ಏರಿದವು. ಕಂಬಗಳ ನಡುವೆ ತಂತಿ, ತಂತಿಗೆ ಬಲೆ, ಬಲೆಯ ಕಾಲಿಗೆ ನೀರು ಹಿಡಿಯಲು ಉದ್ದಕ್ಕೆ ಸೀಳಿದ ಪೈಪಿನ ದೋಣಿ, ಅಲ್ಲಿಂದ ಗುಡ್ಡದ ಬೆನ್ನಿನ ಮೇಲೆ ಊರಿನ ತೊಟ್ಟಿಯ ತನಕ ಕಪ್ಪು ಪೈಪು. ಕಟ್ಟುವಾಗ ಯಸ್ನಾ ಒಮ್ಮೆ ಹೇಳಿದ್ದಳು, "ಚಿಕ್ಕಮ್ಮ, ಇದು ಬಿಗಿಯಾಗಿರ್ಬೇಕು, ತಮಟೆ ಚರ್ಮದ ಹಾಗೆ."

"ಬಿಗಿ ಬಲೆಗೆ ಸೊಳ್ಳೆ ಕೂಡ ಬೀಳಲ್ಲ ಮಗಳೇ," ಎಂದಳು ಎರ್ಸಿಲಿಯಾ. "ನೀನು ಲೆಕ್ಕ ನೋಡ್ಕೋ. ಬಲೆ ನನಗೆ ಬಿಡು."

ಯಸ್ನಾ ಅವಳ ಮನೆಯಲ್ಲೇ ಮಲಗಿ, ಅವಳ ಕೈಯ ಮೀನಿನ ಸಾರು ಉಂಡು ವಾರಗಟ್ಟಲೆ ಇದ್ದವಳು. ಮತ್ತೆ ಮಾತೆತ್ತಲಿಲ್ಲ. ಎರ್ಸಿಲಿಯಾ ಅಳತೆ ಮಾಡಿ ಹತ್ತಕ್ಕೆ ಹದಿನೈದು ಮಾರಿನ ಲೆಕ್ಕದಲ್ಲಿ ಸಡಿಲ ಹಂಚಿ ಕಟ್ಟಿದಳು. ಗಾಳಿ ಬಂದಾಗ ಬಲೆಗಳೆಲ್ಲ ಒಂದೇ ಅಳತೆಯಲ್ಲಿ ಹೊಟ್ಟೆ ಉಬ್ಬಿಸಿ ನಿಂತವು, ಹಾಯಿ ಬಿಚ್ಚಿದ ದೋಣಿಗಳ ಸಾಲಿನ ಹಾಗೆ. ಅವಳು ಇಷ್ಟು ಚೆಂದದ ಕೆಲಸವನ್ನು ಎಂದೂ ಮಾಡಿರಲಿಲ್ಲ. ಯಸ್ನಾ ನಗರಕ್ಕೆ ವಾಪಸು ಹೋದಳು.

ತೊಟ್ಟಿಗೆ ಬಂದ ನೀರು ಶಾಲೆಯ ಮಕ್ಕಳ ಮುಖ ತೊಳೆಯುವುದಕ್ಕೂ ಸಾಲಲಿಲ್ಲ. ಜೂನ್ ಹೋಯಿತು, ಜುಲೈ ಹೋಯಿತು. ಕಮಂಚಾಕ ದಿನಾ ಬರುತ್ತಿತ್ತು, ಬಲೆ ಒದ್ದೆಯಾಗುತ್ತಿತ್ತು, ಪೈಪಿನಲ್ಲಿ ಮಾತ್ರ ದಾರದಷ್ಟು ನೀರು. ಊರವರು ಬಲೆಗಳಿಗೆ "ಎರ್ಸಿಲಿಯಾಳ ಒಗೆದ ಬಟ್ಟೆ" ಎಂದು ಹೆಸರಿಟ್ಟರು. "ಏನು, ಬಟ್ಟೆ ಒಣಗಿದ್ವಾ?" ಎಂದು ದೋಣಿಯಿಂದಲೇ ಕೂಗುತ್ತಿದ್ದರು. ಆಗಸ್ಟಿನಲ್ಲಿ ಸಂಘ ಸೇರಿ ತೀರ್ಮಾನ ಮಾಡಿತು. ಸೆಪ್ಟೆಂಬರ್ ಹದಿನೆಂಟರ ನಾಡಹಬ್ಬ ಕಳೆದ ಮೇಲಿನ ಭಾನುವಾರದವರೆಗೆ ನೋಡುವುದು. ಆಗಲೂ ನೀರು ಬರದಿದ್ದರೆ ಬಲೆ ಇಳಿಸಿ, ಕಂಬಗಳನ್ನು ದೋಣಿ ನಿಲ್ಲಿಸುವ ಕಟ್ಟೆ ರಿಪೇರಿಗೆ ಹಾಕುವುದು.

ಹರಿದ ಬಲೆ ಎಂದು ಯಾರಾದರೂ ಬಾಗಿಲಿಗೆ ಬಂದರೆ ಎರ್ಸಿಲಿಯಾ "ಅಲ್ಲಿಟ್ಟು ಹೋಗು" ಎನ್ನುತ್ತಿದ್ದಳು, ಅಷ್ಟೆ. ನಲವತ್ತು ವರ್ಷ ಮಾಡಿದ ಕಸುಬಿನ ಹೆಸರು ಈಗ ಗುಡ್ಡದ ಮೇಲೆ, ಇಡೀ ಊರಿಗೆ ಕಾಣುವ ಹಾಗೆ ನೇತಾಡುತ್ತಿತ್ತು. ಅದನ್ನು ಇಳಿಸಿಬಿಟ್ಟರೆ ಮತ್ತೆ ಯಾವ ಮುಖ ಹೊತ್ತು ಸೂಜಿ ಹಿಡಿಯುವುದು ಎನ್ನುವುದು ಅವಳ ಸಂಕಟ. ದಿನಾ ಬೆಳಗ್ಗೆ ಗುಡ್ಡ ಹತ್ತಿ ಗಂಟುಗಳನ್ನು ನೋಡುತ್ತಿದ್ದಳು. ಗಂಟುಗಳಲ್ಲಿ ತಪ್ಪಿರಲಿಲ್ಲ.

ಅಂಥ ಒಂದು ಬೆಳಗ್ಗೆ ಮೇಕೆ ಕಾಯುವ ಮೆಲಾನಿಯಾ ಅಲ್ಲಿ ಸಿಕ್ಕಳು. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಎದುರಾದರೆ ಜಗಳವಾಡದೆ ಹೋದವರಲ್ಲ. ಮೆಲಾನಿಯಾ ಬಟ್ಟೆಯಲ್ಲಿ ಸುತ್ತಿದ ಮೇಕೆಹಾಲಿನ ಗಿಣ್ಣಿನ ಗಟ್ಟಿಯೊಂದನ್ನು ಚಾಚಿದಳು.

"ತಗೋ. ನಿನಗೇ ಅಂತ ತಂದೆ."

"ಏನು ವಿಷ ಹಾಕಿದೀಯ?"

"ಅಯ್ಯೋ, ಕೃತಜ್ಞತೆ ಕಣೇ. ನೀನು ಬಟ್ಟೆ ಒಣಗಿಹಾಕಿದ ಮೇಲೆ ನನ್ನ ಮೇಕೆಗಳು ಬೇರೆ ಗುಡ್ಡಕ್ಕೆ ಹೋಗಲ್ಲ ಅಂತವೆ. ಹಾಲು ಒಂದು ಪಟ್ಟು ಜಾಸ್ತಿ ಆಗಿದೆ. ಮುಂದಿನ ವರ್ಷಾನೂ ಹೀಗೇ ಕಟ್ಟು."

"ನಗೋರ ಸಾಲಿಗೆ ನೀನೊಬ್ಬಳು ಬಾಕಿ ಇದ್ದೆ," ಎಂದಳು ಎರ್ಸಿಲಿಯಾ. "ಹೋಗು, ನಿನ್ನ ಮೇಕೆ ಜೊತೆ ನೀನೂ ಮೇಯು."

"ನಗ್ತಿಲ್ಲ ಮಾರಾಯ್ತಿ. ಕಣ್ಣಿದ್ರೆ ಕೆಳಗೆ ನೋಡು."

ಗಿಣ್ಣನ್ನು ಅವಳ ಕೈಗೆ ತುರುಕಿ ಮೆಲಾನಿಯಾ ಸಿಳ್ಳೆ ಹಾಕುತ್ತ ಹೋದಳು. ಸಿಟ್ಟು ಇಳಿಯುವವರೆಗೆ ಎರ್ಸಿಲಿಯಾ ನೋಡಲಿಲ್ಲ. ಆಮೇಲೆ ನೋಡಿದಳು. ಬಲೆಯ ಹಿಂದೆ, ಪೈಪಿನ ದೋಣಿಯಿಂದ ಎರಡು ಹೆಜ್ಜೆ ಆಚೆ, ಒಣ ಕಲ್ಲುನೆಲದ ಮೇಲೆ ಹಸಿರು ಹುಲ್ಲಿನ ಒಂದು ಪಟ್ಟಿ. ಬಲೆ ಎಷ್ಟುದ್ದವೋ ಅಷ್ಟುದ್ದ. ನಡುವೆ ಹಳದಿಯ ಪುಟ್ಟ ಹೂಗಳು ಕೂಡ ಇದ್ದವು. ಪೈಪಿನ ದೋಣಿಯ ಕೆಳಗೆ ಏನೂ ಬೆಳೆದಿರಲಿಲ್ಲ.

ಅವಳು ಹೋಗಿ ಆ ಹುಲ್ಲಿನ ಮೇಲೆ ನಿಂತಳು. ಗಾಳಿ ಬಂತು. ಬಲೆ ಹೊಟ್ಟೆ ಉಬ್ಬಿಸಿಕೊಂಡು ಅವಳ ತಲೆಯ ಮೇಲಕ್ಕೆ ಬಂತು. ಹೊಟ್ಟೆಯ ತುದಿಯಿಂದ ಹನಿಗಳು ಅವಳ ನೆತ್ತಿಯ ಮೇಲೆ, ಹೆಗಲ ಮೇಲೆ ಬಿದ್ದವು. ಬಿದ್ದೇ ಬಿದ್ದವು. ಬಲೆ ಕಮಂಚಾಕವನ್ನು ಹಿಡಿಯದೆ ಇರಲಿಲ್ಲ. ಚೆನ್ನಾಗಿಯೇ ಹಿಡಿದಿತ್ತು. ಕಾಲಿನ ತನಕ ಹರಿದು ಬರಬೇಕಾದ ನೀರು ಹೊಟ್ಟೆಯಲ್ಲೇ ಜಾರಿ ನೆಲಕ್ಕೆ ಬೀಳುತ್ತಿತ್ತು. ಅವಳು ಅಳತೆ ಮಾಡಿ, ಸಮನಾಗಿ ಹಂಚಿ, ಮನಸ್ಸಿಟ್ಟು ಕೊಟ್ಟ ಹೊಟ್ಟೆ. ಮೀನಿಗೆ ಬೇಕಾದದ್ದು ನೀರಿಗೆ ಬೇಕಿರಲಿಲ್ಲ.

ಜಾಕೀಟು ತೊಯ್ದು ಮೈಗೆ ಅಂಟಿದ ಮೇಲೆ ಅವಳು ಫೋನ್ ತೆಗೆದಳು. ಊರಿನಲ್ಲಿ ಸಿಗದ ಸಿಗ್ನಲ್ ಆ ನೆತ್ತಿಯ ಮೇಲೆ ಸಿಗುತ್ತದೆ.

"ಯಸ್ನಾ, ತಮಟೆ ಚರ್ಮ ಅಂದಿದ್ದೆಯಲ್ಲ."

"ಆವತ್ತು ನಾನು ಇನ್ನೂ ಜೋರಾಗಿ ಹೇಳ್ಬೇಕಿತ್ತು ಚಿಕ್ಕಮ್ಮ," ಎಂದಳು ಯಸ್ನಾ.

"ಜೋರಾಗಿ ಹೇಳಿದ್ರೆ ನಿನಗೆ ಸಾರು ಬಡಿಸ್ತಿರಲಿಲ್ಲ. ಈಗ ಹೇಳು. ಎಷ್ಟು ಬಿಗಿ?"

ಎಷ್ಟು ಬಿಗಿ ಎಂದು ಕೇಳಿಸಿಕೊಂಡ ಮೇಲೆ ಅವಳಿಗೆ ಒಂದು ವಿಷಯ ತಿಳಿಯಿತು. ಅಷ್ಟು ಬಿಗಿಯನ್ನು ಕೈಯಲ್ಲಿ ಎಳೆಯಲು ಆಗುವುದಿಲ್ಲ. ದೋಣಿಗಳನ್ನು ದಡಕ್ಕೆಳೆಯುವ ಕೈರಾಟೆ ಬೇಕು. ರಾಟೆ ಸಂಘದ್ದು. ಸಂಘವೆಂದರೆ ಬಾವ.

ಅನ್ಸೆಲ್ಮೊ ಯಂತ್ರ ಒರೆಸುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ತಾನು ಕಟ್ಟಿದ್ದು ತಪ್ಪು ಎನ್ನುವ ಮಾತನ್ನೂ ನುಂಗದೆ ಹೇಳಿದಳು. ಅದನ್ನು ಹೇಳುವಾಗ ಮಾತ್ರ ಜನರೇಟರಿನ ಕಡೆ ನೋಡುತ್ತಿದ್ದಳು.

"ಅಂದ್ರೆ ಇಷ್ಟು ದಿನ ಊರಿಗೆ ಬರೋ ನೀರನ್ನ ಮೆಲಾನಿಯಾಳ ಮೇಕೆಗೆ ಕುಡಿಸ್ತಿದ್ದೆ."

"ಹೌದು ಬಾವ."

"ಅಧ್ಯಕ್ಷರಿಗೆ ಗಿಣ್ಣಾದರೂ ತಂದಿದೀಯಾ?"

ಅವಳು ಮೆಲಾನಿಯಾ ಕೊಟ್ಟ ಗಂಟನ್ನು ಬಿಚ್ಚಿ ಗಿಣ್ಣನ್ನು ಯಂತ್ರದ ಮೇಲಿಟ್ಟಳು. ಅವನು ಒರೆಸುವ ಬಟ್ಟೆಯಿಂದಲೇ ಕೈ ಒರೆಸಿಕೊಂಡು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. "ರಾಟೆ ತಗೊಂಡು ಹೋಗು. ಅದರ ಹಲ್ಲು ಮುರಿದ್ರೆ ಮಾತ್ರ ನಿನ್ನ ಗಂಡನ ದೋಣಿ ನೀರಲ್ಲೇ ಇರುತ್ತೆ."

ನಾಡಹಬ್ಬಕ್ಕೆ ಇನ್ನು ಒಂದೇ ವಾರವಿತ್ತು. ಎಲಿಸೆಯೊ ಸಮುದ್ರಕ್ಕೆ ಹೋಗುವುದು ಬಿಟ್ಟು ಅವಳ ಜೊತೆ ಗುಡ್ಡ ಹತ್ತಿದ. ತಾನೇ ಹಾಕಿದ ಗಂಟುಗಳನ್ನು ಅವಳು ಚಾಕುವಿನಿಂದ ಕೊಯ್ದಳು, ಬಿಚ್ಚಲು ಆಗುವಂಥ ಗಂಟುಗಳಾಗಿರಲಿಲ್ಲವಲ್ಲ. ಒಂದೊಂದು ಕೊಯ್ದಾಗಲೂ ಎಲಿಸೆಯೊ ಬೇರೆ ಕಡೆ ನೋಡಿದ. ಬಿಗಿದು ಕಟ್ಟಿದ ಬಲೆ ದಕ್ಷಿಣದ ಬಿರುಗಾಳಿಗೆ ಅಂಚಿನಲ್ಲಿ ಹರಿಯುತ್ತದೆ, ಬೇರೆ ಊರುಗಳಲ್ಲಿ ಹಾಗಾಗಿದೆ ಎಂದು ಯಸ್ನಾ ಎಚ್ಚರಿಸಿದ್ದಳು. ಅದಕ್ಕೆ ಎರ್ಸಿಲಿಯಾ ಬಲೆಯ ನಾಲ್ಕೂ ಅಂಚಿಗೆ ಹಳೆಯ ದೋಣಿಹಗ್ಗ ಸೇರಿಸಿ ಹೊಲಿದಳು, ದೊಡ್ಡ ಮೀನಿನ ಬಲೆಗೆ ಹೊಲಿಯುವ ಹಾಗೆ. ಸೂಜಿಗೆ ಇನ್ನೂ ಕೆಲಸವಿದೆ ಎಂದು ಗೊತ್ತಾದದ್ದೇ ಅವಳ ಕೈ ಚುರುಕಾಯಿತು.

ಮೂರನೆಯ ದಿನ ಗುಡ್ಡದ ದಾರಿಯಲ್ಲಿ ಏದುಸಿರು ಬಿಡುತ್ತ ಅನ್ಸೆಲ್ಮೊ ಕಾಣಿಸಿಕೊಂಡ.

"ರಾಟೆ ನೋಡಿ ಹೋಗೋಣ ಅಂತ ಬಂದೆ. ಸಂಘದ ಸ್ವತ್ತು."

ಅವನು ಬಂಡೆಯ ಮೇಲೆ ಕೂತ. ಎಲಿಸೆಯೊ ರಾಟೆ ತಿರುಗಿಸುತ್ತಿದ್ದ, ಎರ್ಸಿಲಿಯಾ ತಂತಿ ಹಿಡಿದಿದ್ದಳು. ತಂತಿ ಒಂದು ಕಡೆ ಎಳೆದರೆ ಇನ್ನೊಂದು ಕಡೆ ವಾಲುತ್ತಿತ್ತು. ಅನ್ಸೆಲ್ಮೊ ಒಂದು ಸಲ ಕೆಮ್ಮಿದ. ಇನ್ನೊಂದು ಸಲ ಕೆಮ್ಮಿದ. ಹಗ್ಗವನ್ನು ತಪ್ಪಾಗಿ ಎಳೆಯುವುದನ್ನು ಕಣ್ಣಾರೆ ನೋಡುತ್ತ ಕೂರುವುದು ಮೀನುಗಾರನಿಂದ ಆಗದ ಕೆಲಸ.

"ಏಯ್ ದಂಡಪಿಂಡ, ದೋಣಿ ಎಳೆಯೋವಾಗ ಹೀಗೇ ಎಳೀತೀಯಾ? ಆ ಕಡೆ ಕಂಬಕ್ಕೆ ಮೊದಲು ಗೂಟ ಹೊಡಿ. ಸರಿ, ಸರ್ಕೋ ಇಲ್ಲಿಂದ."

ಸಂಜೆಯವರೆಗೆ ಅವನು ಬಂಡೆಗೆ ವಾಪಸು ಹೋಗಲಿಲ್ಲ. ದೋಣಿ ಎಳೆಯುವ ಕೂಗನ್ನು ಹಾಕಿದ, ಇಬ್ಬರೂ ದನಿಗೂಡಿಸಿದರು. ಮರುದಿನ ಕರೆಯದೆಯೇ ಇನ್ನೂ ನಾಲ್ವರು ಹತ್ತಿ ಬಂದರು. ಕೊನೆಯ ಬಲೆ ಬಿಗಿದಾಗ ಎರ್ಸಿಲಿಯಾ ಬೆರಳಿನಿಂದ ಅದನ್ನು ಮಿಡಿದಳು. ಅದು ಗುಂಯ್ ಎಂದಿತು. ಹೊಟ್ಟೆ ಇಲ್ಲದ ಬಲೆ ನೋಡಲು ಚೆಂದವಿರಲಿಲ್ಲ, ಗೋಡೆಯ ಹಾಗೆ ಸೆಟೆದು ನಿಂತಿತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಇಳಿಯುವಾಗ ಯಾರೂ ಬಟ್ಟೆಯ ಮಾತೆತ್ತಲಿಲ್ಲ.

ಕಮಂಚಾಕ ಆ ಸಂಜೆಯೇ ಬಂತು. ಬೆಳಗ್ಗೆ ಅವಳು ಕೆಟಲನ್ನು ಒಲೆಯ ಮೇಲಿಟ್ಟವಳು ಹಾಗೇ ಬಿಟ್ಟು ತೊಟ್ಟಿಯ ಹತ್ತಿರ ಓಡಿದಳು. ಅಷ್ಟರಲ್ಲೇ ಅಲ್ಲಿ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಪೈಪಿನ ಬಾಯಿಂದ ನೀರು ಹೆಬ್ಬೆರಳ ಗಾತ್ರಕ್ಕೆ ಬೀಳುತ್ತಿತ್ತು, ನಿಲ್ಲದೆ. ಮೊದಲ ಲೋಟವನ್ನು ಅವಳಿಗೆ ಕೊಟ್ಟರು. ಅವಳು ಒಂದು ಗುಟುಕು ಕುಡಿದು, "ಸ್ವಲ್ಪ ಪ್ಲಾಸ್ಟಿಕ್ ವಾಸನೆ, ಹೋಗುತ್ತೆ," ಎಂದಳು.

ನಾಡಹಬ್ಬ ಮುಗಿದ ಭಾನುವಾರ ಸಂಘ ಸೇರಿದಾಗ ತೊಟ್ಟಿ ತುಂಬಿ ಹೊರಚೆಲ್ಲಿತ್ತು. ನಗರದಿಂದ ಯಸ್ನಾಳೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅನ್ಸೆಲ್ಮೊ ಎದ್ದು ನಿಂತು ಟೋಪಿ ತೆಗೆದ.

"ನಮ್ಮ ಯಂತ್ರದ ಮೇಲೆ ಯಾರೂ ಕೆಟ್ಟ ಮಾತಾಡಬಾರದು," ಎಂದು ಶುರುಮಾಡಿದ. "ಅದು ಊರಿನ ಬಾಯಿ ಒಣಗೋಕೆ ಬಿಡಲಿಲ್ಲ. ಜನವರಿ ಬೇಸಿಗೇಲಿ ಕಮಂಚಾಕ ಕೈಕೊಟ್ಟಾಗ ಮತ್ತೆ ಅದರ ಕಾಲೇ ಹಿಡೀಬೇಕು. ಅಲ್ಲೀ ತನಕ ಅದು ರೆಸ್ಟ್ ತಗೊಳ್ಳಲಿ. ನಾಳೆಯಿಂದ ಬೆಳಗಿನ ಡೀಸೆಲ್ ಮಂಜುಗಡ್ಡೆಗೆ. ವ್ಯಾಪಾರಿ ಬಂದ್ರೆ ಹೇಳಿ, ಮೀನಿಗೆ ಆತುರ ಇಲ್ಲ, ಅದು ಮಲಗಿದೆ ಅಂತ."

ನಗು ಎದ್ದಿತು. ಕೈಗಳೂ ಎದ್ದವು. ಕೆಳಗೆ ಉಳಿದದ್ದು ಒಂದೇ ಕೈ, ಮೆಲಾನಿಯಾಳದ್ದು. "ನನ್ನ ಮೇಕೆಗಳ ಪರವಾಗಿ," ಎಂದಳು ಅವಳು.

"ಒಂದು ಬಲೇನ ಮೊದಲಿನ ಹಾಗೇ ಸಡಿಲ ಬಿಡ್ತೀನಿ ಕಣೇ, ನಿನಗೆ," ಎಂದಳು ಎರ್ಸಿಲಿಯಾ. ಆಗ ಆ ಕೈಯೂ ಎದ್ದಿತು.

"ಎರ್ಸಿ, ಏನಾದ್ರೂ ಮಾತಾಡು," ಎಂದು ಅನ್ಸೆಲ್ಮೊ ಅವಳನ್ನು ಮುಂದಕ್ಕೆ ಕರೆದ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಎದ್ದು ನಿಂತಳು. ಎಲ್ಲರ ಮುಖವನ್ನೂ ಒಂದು ಸಲ ನಿಧಾನವಾಗಿ ನೋಡಿದಳು, ಯಾರ ಮುಖವನ್ನೂ ಬಿಡದೆ. ತೆರೆದ ಬಾಗಿಲಿನಾಚೆ, ಗುಡ್ಡದ ನೆತ್ತಿಯ ಮೇಲೆ ಮೊದಲ ಬಿಳಿ ಎಳೆ ಇಳಿಯುತ್ತಿತ್ತು.

"ಮಾತಾಡೋದೇನಿದೆ," ಎಂದಳು. "ಕಟ್ಟಿದವಳು ನಾನು, ಎಳೆದವರು ನೀವು, ಹೇಳಿಕೊಟ್ಟವಳು ಹಿಂದೆ ಕೂತಿದಾಳೆ. ಮೂಲೆಯ ಬಲೆ ನಿನ್ನೆ ಗಾಳಿಗೆ ಸ್ವಲ್ಪ ಜಗ್ಗಿದ ಹಾಗಿತ್ತು, ಬೆಳಕಿರೋವಾಗ್ಲೇ ಹೋಗಿ ಒಂದು ಸುತ್ತು ಬಿಗಿದುಬಿಟ್ರೆ ಇವತ್ತಿನ ಮಂಜೂ ನಮ್ಮದೇ, ಇಲ್ಲಾಂದ್ರೆ ಸುಮ್ಮನೆ ಇಲ್ಲಿ ಮಾತಾಡ್ತಾ ಕೂತು..." ಎನ್ನುತ್ತ ಬಾಗಿಲು ದಾಟಿದಳು, ಉಳಿದ ಮಾತನ್ನು ಗುಡ್ಡದ ದಾರಿಗೆ ಹೇಳಿಕೊಳ್ಳುತ್ತ.